ಬೆಳಕು ಬಿದ್ದರೆ ಬ್ಯಾಕ್ಟೀರಿಯಾ ಕೊಲ್ಲುವ ಪಾಲಿಮರ್: ಸರಪಳಿ ಉದ್ದವಾದಷ್ಟೂ ಒಳ್ಳೆಯದೇ?

ಪ್ರಶ್ನೆ: ಮೇಡಂ, ಎಂಎಸ್ಸಿ ಪ್ರಾಜೆಕ್ಟ್‌ಗೆ ಧನ ಆವೇಶದ ಫಿನೈಲೀನ್ ಎಥೈನೈಲೀನ್ ಪಾಲಿಮರ್ (ಬೆಂಜೀನ್ ಉಂಗುರಗಳನ್ನು ತ್ರಿಬಂಧಗಳಿಂದ ಪೋಣಿಸಿದ ಸರಪಳಿ ಅಣು) ತಗೊಂಡಿದ್ದೇನೆ. ಸರಪಳಿ ಉದ್ದವಾದಷ್ಟೂ ಬೆಳಕು ಹೆಚ್ಚು ಹೀರುತ್ತೆ. ಅಂದರೆ ಬ್ಯಾಕ್ಟೀರಿಯಾನೂ ಹೆಚ್ಚು ಸಾಯಬೇಕಲ್ವಾ?

ಉತ್ತರ: ಅಷ್ಟು ನೇರವಾಗಿಲ್ಲ. ಬೆಳಕು ಹೀರುವುದು ಮೊದಲ ಹೆಜ್ಜೆ ಮಾತ್ರ. ಬೆಳಕಿನಿಂದ ಉದ್ರಿಕ್ತಗೊಂಡ ಸರಪಳಿ ಟ್ರಿಪ್ಲೆಟ್ ಎಂಬ, ಹೆಚ್ಚು ಹೊತ್ತು ಉಳಿಯುವ ಉದ್ರಿಕ್ತ ಸ್ಥಿತಿಗೆ ದಾಟಬೇಕು, ಅಲ್ಲಿಂದ ಶಕ್ತಿ ಆಮ್ಲಜನಕಕ್ಕೆ ಹೋಗಬೇಕು. ಆಗ ಹುಟ್ಟುವ ಸಿಂಗ್ಲೆಟ್ ಆಮ್ಲಜನಕವೇ (ಆಮ್ಲಜನಕದ ಚುರುಕಾದ ಉದ್ರಿಕ್ತ ರೂಪ) ಬ್ಯಾಕ್ಟೀರಿಯಾದ ಪೊರೆಯ ಕೊಬ್ಬನ್ನೂ ಪ್ರೋಟೀನನ್ನೂ ಸುಡುವುದು. ಉದ್ದ ಸರಪಳಿಗೆ ನೀರು ಒಗ್ಗುವುದಿಲ್ಲ. ಒಂದರ ಮೇಲೊಂದು ಪೇರಿಕೊಂಡು ಮುದ್ದೆಯಾಗುತ್ತವೆ. ಹೀರಿದ ಶಕ್ತಿ ಆ ಮುದ್ದೆಯೊಳಗೇ ಶಾಖವಾಗಿ ಹೋಗಿಬಿಡುತ್ತದೆ. ಸರಪಳಿಯ ಬದಿಗೆ ಜೋಡಿಸಿದ ಪರಮಾಣು ಗುಂಪುಗಳನ್ನು ದಪ್ಪವಾಗಿಟ್ಟು ಸರಪಳಿಗಳನ್ನು ದೂರ ಇಡುವುದು ಅದಕ್ಕೇ. ಕೆಲವು ಬೆಂಜೀನ್ ಉಂಗುರಗಳ ಜಾಗದಲ್ಲಿ ಥಯೋಫೀನ್ (ಗಂಧಕವಿರುವ ಉಂಗುರ) ಹಾಕಿ ನೋಡಿ: ಹೀರಿಕೆ ಕೆಂಪಿನ ಕಡೆ ಸರಿಯುತ್ತದೆ, ಗಂಧಕದಿಂದ ಟ್ರಿಪ್ಲೆಟ್ ದಾಟುವಿಕೆಯೂ ಹೆಚ್ಚುತ್ತದೆ.

ನನಗೆ ಇದರಲ್ಲಿ ತುಂಬಾ ಇಷ್ಟವಾಗುವ ಸಂಗತಿ ದೂರದ ಲೆಕ್ಕ. ನೀರಿನಲ್ಲಿ ಸಿಂಗ್ಲೆಟ್ ಆಮ್ಲಜನಕದ ಆಯುಸ್ಸು ಸುಮಾರು 3.5 ಮೈಕ್ರೋಸೆಕೆಂಡ್. ಅಷ್ಟರಲ್ಲಿ ಅದು ಸಾಗುವುದು ನೂರಿನ್ನೂರು ನ್ಯಾನೋಮೀಟರ್. ಇ. ಕೋಲಿ ಒಂದರ ಉದ್ದವೇ ಸುಮಾರು 2,000 ನ್ಯಾನೋಮೀಟರ್! ಹಾಗಾಗಿ ಪಾಲಿಮರ್ ಜೀವಕೋಶಕ್ಕೆ ಅಂಟಿಕೊಂಡೇ ಕೂರಬೇಕು. ಸರಪಳಿಗೆ ಧನ ಆವೇಶ ಕೊಡುವ ಕ್ವಾಟರ್ನರಿ ಅಮೋನಿಯಂ ಗುಂಪುಗಳ ಕೆಲಸ ಅದು; ಬ್ಯಾಕ್ಟೀರಿಯಾದ ಹೊರಮೈ ಋಣ ಆವೇಶದ್ದಲ್ಲವೇ.

ಪ್ರಶ್ನೆ: ಆದರೆ ನನ್ನ ಚಿಕ್ಕ ಆಲಿಗೋಮರ್ (ಕೆಲವೇ ಘಟಕಗಳ ಗಿಡ್ಡ ಸರಪಳಿ) ಕತ್ತಲಲ್ಲೂ ಕೊಲ್ಲುತ್ತಿದೆ. ಪ್ರಯೋಗ ಕೆಟ್ಟಿತಾ?

ಉತ್ತರ: ಕೆಟ್ಟಿಲ್ಲ, ಗಾಬರಿಯಾಗಬೇಡಿ. ಉದ್ದ ಸರಪಳಿ ಹೊರಗೆ ಹೊದಿಕೆಯಂತೆ ಕೂತರೆ ಚಿಕ್ಕದು ಪೊರೆಯೊಳಗೇ ನುಸುಳಿ ತೂತು ಮಾಡಬಲ್ಲದು. ಅದಕ್ಕೆ ಬೆಳಕು ಬೇಡ. ಬೆಳಕಿನಿಂದಾದ ಸಾವು, ಕತ್ತಲಲ್ಲಾದ ಸಾವು ಎರಡನ್ನೂ ಬೇರೆ ಮಾಡಿ ತೋರಿಸುವುದು ನಿಮ್ಮ ಕೆಲಸ. ಪಾಲಿಮರ್ ಇದ್ದು ಬೆಳಕಿಲ್ಲದ್ದು, ಬೆಳಕಿದ್ದು ಪಾಲಿಮರ್ ಇಲ್ಲದ್ದು ಎರಡೂ ಕಂಟ್ರೋಲ್ (ಹೋಲಿಸಿ ನೋಡುವ ಪ್ರಯೋಗ) ಇರಲೇಬೇಕು. ಆಮೇಲೆ ಅದೇ ಪ್ರಯೋಗವನ್ನು ಭಾರಜಲದಲ್ಲಿ (ಹೈಡ್ರೋಜನ್ ಬದಲು ಡ್ಯೂಟೀರಿಯಂ ಇರುವ ನೀರು) ಮಾಡಿ. ಅಲ್ಲಿ ಸಿಂಗ್ಲೆಟ್ ಆಮ್ಲಜನಕ ಹದಿನೈದು ಇಪ್ಪತ್ತು ಪಟ್ಟು ಹೆಚ್ಚು ಹೊತ್ತು ಬದುಕುತ್ತದೆ. ಬೆಳಕಿನಲ್ಲಿ ಸಾವು ಏರಿ, ಕತ್ತಲಲ್ಲಿ ಹಾಗೇ ಉಳಿದರೆ ಬೆಳಕಿನ ಪಾಲು ಯಾವುದೆಂದು ಸ್ಪಷ್ಟವಾಗುತ್ತದೆ.

ಪ್ರಶ್ನೆ: ಸೋಡಿಯಂ ಅಜೈಡ್ ಹಾಕಿದರೆ ಸಾಲದೇ ಮೇಡಂ?

ಉತ್ತರ: ಅದು ಸಿಂಗ್ಲೆಟ್ ಆಮ್ಲಜನಕದ ಶಕ್ತಿ ಕಸಿದು ಅದನ್ನು ತಣಿಸುತ್ತದೆ ನಿಜ, ಆದರೆ ಬ್ಯಾಕ್ಟೀರಿಯಾಕ್ಕೂ ವಿಷ. ಹಾಕುವುದಾದರೆ ಅಜೈಡ್ ಮಾತ್ರ ಇರುವ ಇನ್ನೊಂದು ಪ್ಲೇಟ್ ಇಡಿ.