ಪರೀಕ್ಷೆಗೆ ಓದಲಾ, ಇಷ್ಟಕ್ಕೆ ಓದಲಾ?

ದಾವಣಗೆರೆಯ ಇತಿಹಾಸ ಎಂ.ಎ. ವಿದ್ಯಾರ್ಥಿನಿ ಕಳೆದ ಸಂಚಿಕೆಯಲ್ಲಿ ಕೇಳಿದ್ದರು: ‘ಇಷ್ಟಪಟ್ಟು ಓದಲು ಕೂತರೆ ಸಿಲಬಸ್ ಮುಗಿಯುವುದಿಲ್ಲ. ಮಾರ್ಕ್ಸ್‌ಗೆಂದು ನೋಟ್ಸ್ ಉರು ಹೊಡೆದರೆ ವಿಷಯದ ಮೇಲಿನ ಆಸೆಯೇ ಹೋಗುತ್ತದೆ. ಏನು ಮಾಡಲಿ?’

ನೋಡಮ್ಮ, ನಿನ್ನ ಪತ್ರ ಓದಿ ನನ್ನ ಎಂ.ಎ. ದಿನಗಳು ನೆನಪಾದವು. ಅಶೋಕನ ಶಾಸನಗಳ ಬಗ್ಗೆ ನಮ್ಮ ನೋಟ್ಸ್‌ನಲ್ಲಿ ಇದ್ದದ್ದು ನಾಲ್ಕೇ ಸಾಲು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ; ಪತ್ತೆ ಹಚ್ಚಿದ್ದು ಬಿ.ಎಲ್. ರೈಸ್, 1892. ಅದನ್ನೇ ಬಾಯಿಪಾಠ ಮಾಡಿದ್ದೆ. ಒಂದು ಭಾನುವಾರ ಗೆಳತಿಯ ಜೊತೆ ಮೊಳಕಾಲ್ಮುರು ಕಡೆಯ ಬಸ್ ಹತ್ತಿ ಬ್ರಹ್ಮಗಿರಿಗೇ ಹೋದೆ. ಪುಸ್ತಕ ಪಕ್ಕಕ್ಕಿಟ್ಟುಕೊಂಡು ಬಂಡೆಯ ಮೇಲೆ ಒಂದೊಂದೇ ಅಕ್ಷರ ಹುಡುಕಿದೆವು. ಶಾಸನ ಇರುವುದು ಬ್ರಾಹ್ಮಿ ಲಿಪಿಯಲ್ಲಿ, ಎಡದಿಂದ ಬಲಕ್ಕೆ. ಕೊನೆಗೆ ಬರೆದವನ ಹೆಸರು ಬರುತ್ತದೆ, ಚಪಡ. ಆ ಹೆಸರಿನ ಜೊತೆಗಿರುವ ‘ಲಿಪಿಕರೇಣ’ (ಅಂದರೆ ಲಿಪಿಕಾರನಿಂದ) ಅನ್ನುವ ಪದ ಮಾತ್ರ ಖರೋಷ್ಠಿಯಲ್ಲಿದೆ, ಬಲದಿಂದ ಎಡಕ್ಕೆ! ಖರೋಷ್ಠಿ ಅಂದರೆ ಗಾಂಧಾರದ ಕಡೆಯ ಲಿಪಿ. ಅಷ್ಟು ದೂರದ ಲಿಪಿ ಬಲ್ಲವನೊಬ್ಬನ ಗುರುತು ನಮ್ಮ ಜಿಲ್ಲೆಯ ಬಂಡೆ ಮೇಲಿದೆ ಅಲ್ವಾ ಅಂತ ಮೈ ಜುಮ್ಮೆಂದಿತು.

ಮರುದಿನ ಬೇರೆ ಪೇಪರ್‌ನ ಇಂಟರ್ನಲ್ ಇತ್ತು. ಮಾರ್ಕ್ಸ್ ಕಮ್ಮಿ ಬಂತು. ಅತ್ತೂಬಿಟ್ಟೆ. ಆಮೇಲೆ ಒಂದು ಕ್ರಮ ಮಾಡಿಕೊಂಡೆ. ಪರೀಕ್ಷೆಗೆ ತಿಂಗಳಿದೆ ಅನ್ನುವಾಗ ಇಷ್ಟದ ಪುಸ್ತಕ ಎತ್ತಿಟ್ಟು, ಹಳೆ ಪ್ರಶ್ನೆಪತ್ರಿಕೆ ತೆಗೆದು, ಗಡಿಯಾರ ನೋಡಿಕೊಂಡು ಉತ್ತರ ಬರೆಯುವುದು. ಅದಕ್ಕೂ ಮುಂಚಿನ ದಿನಗಳಲ್ಲಿ ಪ್ರತಿ ಪೇಪರ್‌ಗೆ ಒಂದೇ ಒಂದು ಅಧ್ಯಾಯವನ್ನು ಮನಸಾರೆ ಓದುವುದು. ಎಲ್ಲವನ್ನೂ ಹಾಗೆ ಓದಲು ಆಗಲ್ಲಮ್ಮ, ಆಸೆಪಡಬೇಡ. ಸೆಮಿಸ್ಟರ್ ಪರೀಕ್ಷೆಯಲ್ಲಿ ಅಶೋಕನ ಪ್ರಶ್ನೆ ಬಂದಾಗ ಚಪಡನ ಬಗ್ಗೆಯೇ ಅರ್ಧ ಪುಟ ಬರೆದೆ. ಅದನ್ನು ಉರು ಹೊಡೆದಿರಲಿಲ್ಲ.
– ಇತಿಹಾಸ ಉಪನ್ಯಾಸಕಿ, ಚಿತ್ರದುರ್ಗ

ತಂಗಿ, ಮಾರ್ಕ್ಸ್ ಬಗ್ಗೆ ಉದಾಸೀನ ಬೇಡ. ನಾನು ಇಡೀ ದಿನ ಲೈಬ್ರರಿಯಲ್ಲೇ ಇರುತ್ತಿದ್ದೆ, ಪರೀಕ್ಷೆಯನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಎಂ.ಎ.ಯಲ್ಲಿ ಶೇ 53 ಬಂತು. ಸಾಮಾನ್ಯ ವರ್ಗದವರು ನೆಟ್ (ಕಾಲೇಜು ಅಧ್ಯಾಪಕರಾಗಲು ಬರೆಯುವ ಅರ್ಹತಾ ಪರೀಕ್ಷೆ) ಬರೆಯಲು ಎಂ.ಎ.ಯಲ್ಲಿ ಶೇ 55 ಬೇಕು. ಎರಡೇ ಎರಡು ಪರ್ಸೆಂಟ್! ಇಂಪ್ರೂವ್‌ಮೆಂಟ್‌ಗೆ ಫೀಸ್ ಕಟ್ಟಿ ಮತ್ತೆ ಬರೆಯುವಷ್ಟರಲ್ಲಿ ಒಂದು ವರ್ಷ ಹೋಯಿತು. ಆದರೆ ನೆಟ್‌ಗೆ ಕೂತಾಗ ಅದೇ ಲೈಬ್ರರಿ ಓದು ಕೈ ಹಿಡಿಯಿತು. ಎರಡನೇ ಪೇಪರ್‌ನಲ್ಲಿ 100 ಪ್ರಶ್ನೆ, ವಿಷಯದ ಮೂಲೆಮೂಲೆಯಿಂದ ಕೇಳುತ್ತಾರೆ. ನಿಮಗೆ ಎಷ್ಟು ಪರ್ಸೆಂಟ್ ಬೇಕು ಅಂತ ಈಗಲೇ ನೋಡಿಕೊಳ್ಳಿ, ಅದಕ್ಕಿಂತ ಐದು ಜಾಸ್ತಿ ಗುರಿ ಇಡಿ. ರ‍್ಯಾಂಕ್ ಚಿಂತೆ ಬಿಟ್ಟುಬಿಡಿ.
– ಓದುಗ, ದಾವಣಗೆರೆ

ನಾವು ಮೂವರು ಗೆಳತಿಯರು ಸಂಜೆ ಕುಂದುವಾಡ ಕೆರೆ ಏರಿ ಮೇಲೆ ನಡೆಯುತ್ತಾ ಆವತ್ತು ಓದಿದ್ದನ್ನು ಪುಸ್ತಕ ಇಲ್ಲದೆ ಒಬ್ಬರಿಗೊಬ್ಬರು ಹೇಳುತ್ತೇವೆ. ತಡವರಿಸಿದ ಕಡೆ ರಾತ್ರಿ ಮತ್ತೆ ಓದುತ್ತೇವೆ. ನೀವೂ ಬನ್ನಿ, ಐದೂವರೆಗೆ ಅಲ್ಲೇ ಇರುತ್ತೇವೆ.
– ಬಿ.ಎಸ್ಸಿ. ವಿದ್ಯಾರ್ಥಿನಿ, ದಾವಣಗೆರೆ