ಹೊಸ ಕ್ಯಾಟ್ ಕನ್ವರ್ಟರ್ ಹಾಕಿಸಿದೆ, ಎಳೆತ ಬಂತು, ದೀಪ ಆರವಲ್ದು

ಪ್ರಶ್ನೆ: ನಮಸ್ಕಾರ್ರಿ ಅಣ್ಣಾರ. ನಂದು ಬಿಎಸ್ 6 ಪೆಟ್ರೋಲ್-ಸಿಎನ್‌ಜಿ ಪಿಕಪ್. ನಿಪ್ಪಾಣಿಯಿಂದ ಪುಣೆ ಮಾರ್ಕೆಟ್ ಯಾರ್ಡಿಗೆ ತರಕಾರಿ ಹೊಡೀತೀನಿ. ವಾಪಸ್ ಬರೂಮುಂದ ಖಂಬಾಟಕಿ ಘಾಟಿನ್ಯಾಗ ಖಾಲಿ ಗಾಡಿನೂ ಏರತಿರಲಿಲ್ಲ. ಕ್ಯಾಟ್ ಕನ್ವರ್ಟರ್ (ಹೊಗಿ ಪೈಪಿನ್ಯಾಗ ವಿಷದ ಹೊಗಿ ಶುದ್ಧ ಮಾಡೋ ಡಬ್ಬಿ) ಬಿಚ್ಚಿಸಿದ್ರ ಒಳಗಿನ ಜಾಲರಿ ಕರಗಿ ಮುದ್ದಿ ಆಗಿತ್ತು. ಕಡಿಮಿ ರೇಟಿಂದು ಹೊಸಾದು ಹಾಕಿಸಿದೆ. ಎಳೆತ ಭಾಳ ಚಲೋ ಆತು, ಆದ್ರ ನಾಕು ದಿನಕ್ಕ ಚೆಕ್ ಇಂಜಿನ್ ದೀಪ ಹತ್ತೇತಿ. ಕೋಡ್ ಪಿ0420, ಅಂದ್ರ ಕನ್ವರ್ಟರ್ ಹೊಗಿ ಸರಿಯಾಗಿ ಶುದ್ಧ ಮಾಡವಲ್ದು ಅಂತ. ಏನ್ ಮಾಡ್ಲಿ?

ಉತ್ತರ (ಗ್ಯಾರೇಜ್, ಭೋಸರಿ): ಅಣ್ಣಾರ, ಹಳೇದು ಕಟ್ಟಿಕೊಂಡಿತ್ತು. ಸುಟ್ಟ ಹೊಗಿ ಹೊರಗ ಹೋಗದಿದ್ರ ಹೊಸ ಗಾಳಿ ಒಳಗ ಹೆಂಗ ಬರಬೇಕು? ಈಗ ದಾರಿ ಬಿಚ್ಚೇತಿ, ಅದಕ್ಕ ಎಳೀತೈತಿ.

ಆದ್ರ ಹಳೇದು ಯಾಕ ಕರಗ್ತು ಅನ್ನೋದನ್ನ ಮೊದ್ಲು ಹುಡುಕ್ರಿ. ಜಾಲರಿ ತಾನಾಗೇ ಕರಗಂಗಿಲ್ಲ. ಯಾವದರ ಸಿಲಿಂಡರಿನ್ಯಾಗ ಮಿಸ್‌ಫೈರ್ ಆದ್ರ, ಅಂದ್ರ ಇಂಧನ ಸರಿಯಾಗಿ ಹತ್ತದಿದ್ರ, ಸುಡದ ಗ್ಯಾಸ್ ಕನ್ವರ್ಟರ್ ಒಳಗ ಹೋಗಿ ಅಲ್ಲೇ ಉರೀತೈತಿ. ಸಿಎನ್‌ಜಿಗೆ ಪೆಟ್ರೋಲಿಗಿಂತ ಜೋರು ಕಿಡಿ ಬೇಕು. ಕಿಡಿ ಕೊಡೋ ಪ್ಲಗ್ ಸವದಿದ್ರ, ಅದಕ್ಕ ಕರೆಂಟ್ ಕೊಡೋ ಕಾಯಿಲ್ ಸೋತಿದ್ರ ಪೆಟ್ರೋಲಿನ್ಯಾಗ ಗೊತ್ತಾಗಂಗಿಲ್ಲ, ಗ್ಯಾಸಿನ ಮ್ಯಾಲೆ ಏರು ಹತ್ತೂಮುಂದ ಗೊತ್ತಾಗತೈತಿ. ಅದನ್ನ ಸರಿ ಮಾಡದಿದ್ರ ಹೊಸಾದೂ ಕರಗತೈತಿ.

ಇನ್ನ ದೀಪ. ಹೊಗಿ ಪೈಪಿನ ಗ್ಯಾಸ್ಕೆಟ್, ವೆಲ್ಡಿಂಗ್ ಹತ್ರ ಸೋರಿಕಿ ಇದ್ರ ಹೊರಗಿನ ಗಾಳಿ ಸೇರಿ ಆಕ್ಸಿಜನ್ ಸೆನ್ಸರ್ ತಪ್ಪು ಓದತೈತಿ, ಮೊದ್ಲು ಅದನ್ನ ನೋಡಸ್ರಿ. ಸೋರಿಕಿ ಇಲ್ಲಂದ್ರ ಇಂಜಿನ್ ಚಲೋ ಕಾಯಿಸಿ ಸ್ಕ್ಯಾನರ್ ಹಚ್ಚಿಸ್ರಿ. ಕನ್ವರ್ಟರ್ ದಾಟಿದ ಮ್ಯಾಲೆ ಇರೋ ಆಕ್ಸಿಜನ್ ಸೆನ್ಸರ್ 0.6–0.7 ವೋಲ್ಟ್ ಆಸುಪಾಸು ನಿಂತಿರಬೇಕು. ಒಂದೇ ಸಮ 0.1ರಿಂದ 0.9ಕ್ಕ ಜಿಗಿಯಾಕತ್ತಿದ್ರ ಕನ್ವರ್ಟರ್ ಕೆಲಸಾ ಮಾಡವಲ್ದು. ಹೊಗಿ ಶುದ್ಧ ಮಾಡೋ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ ತೆಳ್ಳಗಿರೋ ಅಗ್ಗದ ಮಾಲಿನ್ಯಾಗ ಹಿಂಗಾಗತೈತಿ.

ಇನ್ನೊಬ್ಬರು: ಕನ್ವರ್ಟರ್ ತಗದು ಖಾಲಿ ಪೈಪ್ ಬೆಸದ್ರ ರೊಕ್ಕ ಉಳಿಯಂಗಿಲ್ಲೇನ್ರಿ?

ಉತ್ತರ: ಬ್ಯಾಡ್ರಿ. ದೀಪ ಆರಂಗಿಲ್ಲ. ಮೋಟಾರು ವಾಹನ ಕಾಯ್ದೆ 190(2)ರ ಪ್ರಕಾರ 10,000 ರೂಪಾಯಿವರೆಗೆ ದಂಡ, 3 ತಿಂಗಳವರೆಗೆ ಜೈಲೂ ಐತಿ. ಅದಕ್ಕಿಂತ ಹೆಚ್ಚಿಗಿ ನನಗ ಹಮಾಲರ ಚಿಂತಿ. ಇಂಜಿನ್ ಚಾಲೂ ಇಟ್ಟು ಮಾಲ್ ಇಳಿಸೂಮುಂದ ಅವ್ರು ಹಿಂದ ನಿಂತಿರ್ತಾರ. ಕನ್ವರ್ಟರ್ ಇಲ್ಲದಿದ್ರ ಹೊಗಿನ್ಯಾಗ ಹೆಚ್ಚಾಗೋ ವಿಷದ ಗಾಳಿ ಕಾರ್ಬನ್ ಮೊನಾಕ್ಸೈಡಿಗೆ ವಾಸನಿ ಇಲ್ಲ, ಬಣ್ಣ ಇಲ್ಲ.

ಪ್ರಶ್ನೆ ಕೇಳಿದವರು: ಅಣ್ಣಾರ, ಮೂರನೇ ಸಿಲಿಂಡರಿನ ಕಾಯಿಲ್ ಬಿರಕ್ ಬಿಟ್ಟಿತ್ತು. ಗ್ಯಾಸ್ಕೆಟ್ಟೂ ಸೋರತಿತ್ತು. ಎರಡೂ ಬದಲಿಸಿದೆ. ಕೋಡ್ ಅಳಿಸಿ ಮ್ಯಾಲೆ ಎರಡು ಟ್ರಿಪ್ ಆತು, ದೀಪ ಬಂದಿಲ್ಲ.

ಉತ್ತರ: ಚಲೋ ಆತ್ರಿ. ಇನ್ನೊಂದು ವಾರ ಲೋಡಿನ್ಯಾಗ ಓಡಿಸಿ ಮತ್ತೊಮ್ಮೆ ಸ್ಕ್ಯಾನ್ ಮಾಡಸ್ರಿ. ಎಂಜಿನ್ ಆಯಿಲ್ ಎಷ್ಟು ಇಳೀತೈತಿ ಅಂತ ಕಡ್ಡಿ ತಗದು ನೋಡ್ರಿ, ಆಯಿಲ್ ಸುಟ್ರೂ ಕನ್ವರ್ಟರ್ ಹಾಳಾಗತೈತಿ.