ವಾರ್ಡಿನಲ್ಲಿ ‘ಪಟ್ಟು’ ಹಾಕಬಹುದೇ? ರಿಸ್ಟ್ರೇಂಟ್‌ಗೆ ಒಂದು ಪದ ಬೇಕು

ಬಲ್ಲವರು ಒಂದು ಪದ ಹುಡುಕಿಕೊಡಬೇಕು. ಮನೋರೋಗ ವಾರ್ಡಿನ ಅಟೆಂಡರ್‌ಗಳು ಮತ್ತು ಸೆಕ್ಯೂರಿಟಿಯವರ ತರಬೇತಿಗೆ ಕನ್ನಡದಲ್ಲಿ ಕೈಪಿಡಿ ಬರೆಯುತ್ತಿದ್ದೇನೆ. ರೋಗಿ ತನಗೇ ಏಟು ಮಾಡಿಕೊಳ್ಳುವ ಅಥವಾ ಪಕ್ಕದವರ ಮೇಲೆ ಬೀಳುವ ಹೊತ್ತಿನಲ್ಲಿ ಸಿಬ್ಬಂದಿ ಕೈಹಾಕಿ ತಡೆಯುತ್ತಾರಲ್ಲ, ಆಸ್ಪತ್ರೆಯಲ್ಲಿ ಎಲ್ಲರೂ ರಿಸ್ಟ್ರೇಂಟ್ ಅನ್ನುತ್ತಾರೆ, ಅದಕ್ಕೆ ಕನ್ನಡದಲ್ಲಿ ಏನು ಬರೆಯಲಿ?

ನಿಘಂಟು ತೆರೆದರೆ ಸಂಯಮ, ನಿಗ್ರಹ, ನಿರ್ಬಂಧ ಸಿಗುತ್ತವೆ. ಸಂಯಮ ನಮ್ಮ ಮೇಲೆ ನಾವೇ ಇಟ್ಟುಕೊಳ್ಳುವಂಥದ್ದು. ನಿಗ್ರಹ ಅಂದರೆ ಭ್ರಷ್ಟಾಚಾರ ನಿಗ್ರಹ ದಳದ ನೆನಪು, ರೋಗಿಯನ್ನು ಕಳ್ಳರ ಸಾಲಿಗೆ ಸೇರಿಸಿಬಿಡುತ್ತದೆ. ‘ಭೌತಿಕ ನಿರ್ಬಂಧ’ ಅಂತ ಬರೆದರೆ ಕಾನೂನಿನವರಿಗೆ ಖುಷಿ, ಅಟೆಂಡರ್‌ಗೆ ತಲೆಬುಡ ತಿಳಿಯುವುದಿಲ್ಲ. ಕಟ್ಟಿಹಾಕುವುದು ಬೇರೆಯದೇ ಕೆಲಸ, ಅದಕ್ಕೆ ಹಗ್ಗವೋ ಪಟ್ಟಿಯೋ ಬೇಕು, ಇದರ ಜೊತೆ ಬೆರೆಸಬಾರದು. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್‌ನಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದವರು ಓಡಲಾಗದೆ ಸತ್ತರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿಯನ್ನು ಯಾವ ರೂಪದಲ್ಲೂ ಹಾಕಕೂಡದು ಅಂತ ನೇರವಾಗಿ ಹೇಳಿದೆ.

ಇನ್ನು ಪಟ್ಟು. ನಮ್ಮಲ್ಲಿ ತರಬೇತಿ ಕೊಡುವವರು ಗರಡಿಯಲ್ಲಿ ಬೆಳೆದವರು, ಆಮೇಲೆ ಜೂಡೋ ಕಲಿತವರು. “ಪಟ್ಟು ಅನ್ನೋ ಪದ ಇರುವಾಗ ಬೇರೆ ಯಾಕ್ರೀ ಹುಡುಕ್ತೀರಾ” ಅನ್ನುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ. ಈ ತರಬೇತಿಯ ಬೇರು ನಿಜಕ್ಕೂ ಅಖಾಡದಲ್ಲೇ ಇದೆ. ಇಂಗ್ಲೆಂಡಿನ ಜೈಲು ಇಲಾಖೆ 1980ರ ದಶಕದಲ್ಲಿ ‘ಕಂಟ್ರೋಲ್ ಅಂಡ್ ರಿಸ್ಟ್ರೇಂಟ್’ ಅನ್ನುವ ಪದ್ಧತಿ ತಂದಿತು. ಮೂರು ಜನರ ತಂಡ, ಒಬ್ಬರು ತಲೆಯ ಕಡೆ, ಇನ್ನಿಬ್ಬರು ಒಂದೊಂದು ಕೈಗೆ. ಮಣಿಕಟ್ಟು ಮಡಚಿ, ನೋವು ಕೊಟ್ಟು ಬಗ್ಗಿಸುವ ಆ ಹಿಡಿತಗಳು ಜಪಾನಿನ ಕಾದಾಟದ ಕಲೆಗಳಾದ ಐಕಿಡೊ, ಜುಜುತ್ಸುವಿನಿಂದ ಬಂದವು. ಜೈಲಿನಿಂದ ಅದು ಬ್ರಾಡ್‌ಮೂರ್‌ನಂಥ ಬಿಗಿ ಕಾವಲಿನ ಮನೋರೋಗ ಆಸ್ಪತ್ರೆಗೆ ಹೋಯಿತು, ಅಲ್ಲಿಂದ ಸಾಮಾನ್ಯ ವಾರ್ಡಿಗೂ ಇಳಿಯಿತು.

ಆದರೂ ನನಗೆ ಪಟ್ಟು ಒಪ್ಪಿಗೆಯಾಗುತ್ತಿಲ್ಲ. ಪಟ್ಟು ಹಾಕುವುದು ಗೆಲ್ಲಲಿಕ್ಕೆ. ಕುಸ್ತಿಯಲ್ಲಿ ಮೊದಲು ಜೋಡಿ ಕಟ್ಟುತ್ತಾರೆ, ಸಮಸಮ ಇದ್ದವರನ್ನೇ ಅಖಾಡಕ್ಕೆ ಬಿಡುತ್ತಾರೆ. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲೇ ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ನೋಡಿ ವಿಂಗಡಿಸುವ ಮಾತಿದೆ. ವಾರ್ಡಿನಲ್ಲಿ ಜೋಡಿ ಎಲ್ಲಿಂದ ಬರಬೇಕು? ಮೂರು ಜನ ಒಬ್ಬನ ಮೇಲೆ, ಅಲ್ವಾ. ಅಖಾಡದಲ್ಲಿ ಸೋತವನು ಮಣ್ಣು ಕೊಡವಿಕೊಂಡು ಎದ್ದು ಹೋಗುತ್ತಾನೆ, ಜೂಡೋದಲ್ಲಿ ಸಾಕು ಅನ್ನಿಸಿದವನು ಚಾಪೆ ತಟ್ಟಿದರೆ ರೆಫರಿ ಬಿಡಿಸುತ್ತಾರೆ, ಆದರೆ ಭ್ರಮೆಯಲ್ಲೋ ಹೆದರಿಕೆಯಲ್ಲೋ ಕೊಸರಾಡುತ್ತಿರುವ ಮನುಷ್ಯನಿಗೆ ತಟ್ಟಲಿಕ್ಕೆ ಕೈಯೇ ಇಲ್ಲ, ಎರಡೂ ಬೇರೆಯವರ ವಶದಲ್ಲಿರುತ್ತವೆ.

ಭಂಗಿಯ ವಿಷಯ ಇದಕ್ಕಿಂತ ದೊಡ್ಡದು. ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿ ಚಿತ್ ಆದರೆ ಸೋಲು. ಜೂಡೋದಲ್ಲೂ ಅಂಗಾತ ಒತ್ತಿಹಿಡಿದರೇ ಲೆಕ್ಕ, 20 ಸೆಕೆಂಡು ಹಿಡಿದರೆ ಪಂದ್ಯ ಮುಗಿಯಿತು. ಬೋರಲು ಬಿದ್ದವನು ಇನ್ನೂ ಸೋತಿಲ್ಲ, ಅದು ಅವನು ತನ್ನನ್ನು ಕಾಪಾಡಿಕೊಳ್ಳುವ ಭಂಗಿ. ಹಾಗಾಗಿ ಗರಡಿಯವರಿಗೆ ಬೋರಲು ಅಂದರೆ ಭಯವೇ ಇಲ್ಲ. ವಾರ್ಡಿನಲ್ಲಿ ಹೆದರಬೇಕಾದದ್ದು ಅದಕ್ಕೇ. ಬೆನ್ನ ಮೇಲೆ ಭಾರ ಬಿದ್ದರೆ ಎದೆ ಅರಳುವುದಿಲ್ಲ, ಹೊಟ್ಟೆ ಒತ್ತಿಹೋಗಿ ವಪೆಗೆ (ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯು) ಕೆಳಗಿಳಿಯಲು ಜಾಗ ಇರುವುದಿಲ್ಲ, ಕೊಸರಾಟಕ್ಕೆ ಉಸಿರು ಜಾಸ್ತಿ ಬೇಕು, ಸಿಗುವುದು ಕಡಿಮೆ. ಉಸಿರಿಗಾಗಿ ಒದ್ದಾಡುವುದು ಮೇಲಿದ್ದವರ ಕಣ್ಣಿಗೆ ತಿರುಗಿಬಿದ್ದ ಹಾಗೆ ಕಾಣುತ್ತದೆ. ಅವರು ಇನ್ನಷ್ಟು ಅದುಮುತ್ತಾರೆ. 1998ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಡೇವಿಡ್ ಬೆನೆಟ್ ಅನ್ನುವ ರೋಗಿಯನ್ನು ಸುಮಾರು 25 ನಿಮಿಷ ಬೋರಲು ಹಿಡಿದಿದ್ದರು, ಅವರು ಸತ್ತರು. ಆ ಬೋರಲು ಭಂಗಿಯಲ್ಲಿ ಮೂರು ನಿಮಿಷಕ್ಕಿಂತ ಜಾಸ್ತಿ ಯಾರನ್ನೂ ಹಿಡಿಯಬಾರದು ಅಂತ ವಿಚಾರಣಾ ವರದಿ ಶಿಫಾರಸು ಮಾಡಿತು.

ಹಾಗಂತ ತೀರಾ ಮೆತ್ತಗಿನ ಪದವೂ ಬೇಡ. ಗೆಳತಿಯೊಬ್ಬರು ‘ಆಸರೆ ಹಿಡಿತ’ ಅನ್ನಿ, ಕೇಳಲು ಚೆನ್ನಾಗಿದೆ ಅಂದರು. ಚೆನ್ನಾಗಿದೆ ಅನ್ನುವುದೇ ನನ್ನ ತಕರಾರು. ಅದೇ ಇಂಗ್ಲೆಂಡಿನಲ್ಲಿ ಅಪ್ರಾಪ್ತರನ್ನು ಇಡುವ ಕೇಂದ್ರಗಳಲ್ಲಿ ಒಂದು ವಿಧಾನ ಇತ್ತು, ಅದರ ಹೆಸರನ್ನು ಕನ್ನಡದಲ್ಲಿ ಹೇಳಿದರೆ ‘ಕೂತ ಜೋಡಿ ಅಪ್ಪುಗೆ’. 2004ರ ಏಪ್ರಿಲ್‌ನಲ್ಲಿ ರೇನ್ಸ್‌ಬ್ರೂಕ್‌ನಲ್ಲಿ ಗ್ಯಾರೆತ್ ಮಯಾಟ್ ಅನ್ನುವ 15 ವರ್ಷದ ಹುಡುಗ ಮೂವರು ಸಿಬ್ಬಂದಿಯ ಆ ‘ಅಪ್ಪುಗೆ’ಯಲ್ಲಿ ಉಸಿರುಕಟ್ಟಿ ಸತ್ತ. ಉಸಿರಾಡಲು ಆಗುತ್ತಿಲ್ಲ ಅಂತ ಹೇಳಿದ್ದ. ಆಮೇಲೆ ಆ ವಿಧಾನವನ್ನೇ ಕೈಬಿಟ್ಟರು. ಇಂಥ ಹೆಸರು ಇಟ್ಟವರ ಮೇಲೆ ನನಗೆ ಈಗಲೂ ಸಿಟ್ಟಿದೆ.

ಅಲ್ಲಿನ 2018ರ ಕಾಯ್ದೆ ಹೀಗೆ ನಾಜೂಕು ಮಾಡುವುದಿಲ್ಲ. 2010ರಲ್ಲಿ ಲಂಡನ್ನಿನ ಮನೋರೋಗ ಆಸ್ಪತ್ರೆಯೊಂದರಲ್ಲಿ ಪೊಲೀಸರು ಹಿಡಿದ ಮೇಲೆ ತೀರಿಕೊಂಡ ಒಲಾಸೆನಿ ಲೂಯಿಸ್ ಹೆಸರಿನಲ್ಲಿ ಜನ ಅದನ್ನು ‘ಸೆನಿ ಕಾನೂನು’ ಅನ್ನುತ್ತಾರೆ. ಕಾಯ್ದೆಯ ಹೆಸರಿನಲ್ಲೇ ಇರುವುದು ‘ಬಲಪ್ರಯೋಗ’. ಕೈಯಿಂದ ಹಿಡಿದರೂ, ಪಟ್ಟಿಯಿಂದ ಬಿಗಿದರೂ, ಔಷಧಿ ಕೊಟ್ಟು ಮಲಗಿಸಿದರೂ ಅದೇ ಪದದೊಳಗೆ ಬರುತ್ತದೆ. ತರಬೇತಿಗೆ 2019ರಲ್ಲಿ ‘ರಿಸ್ಟ್ರೇಂಟ್ ರಿಡಕ್ಷನ್ ನೆಟ್‌ವರ್ಕ್’ ಅನ್ನುವ ಅಲ್ಲಿನ ಸಂಸ್ಥೆ ಮಾನದಂಡ ತಂದಿತು. ಕೈಹಾಕುವ ಮೊದಲು ಮಾತಿನಲ್ಲಿ ಸಮಾಧಾನ ಮಾಡುವುದನ್ನು, ಹಾಗಾಗದಂತೆ ಮೊದಲೇ ನೋಡಿಕೊಳ್ಳುವುದನ್ನು ಕಲಿಸಬೇಕು. ಹಿಂದೆ ಹೀಗೆ ಹಿಡಿಸಿಕೊಂಡವರ ಅನುಭವವೂ ತರಬೇತಿಯಲ್ಲಿ ಇರಬೇಕು. ಹೇಳಿದ ಮಾತು ಕೇಳಲಿ ಅಂತ ನೋವು ಕೊಡುವುದನ್ನು ಅದು ಒಪ್ಪುವುದಿಲ್ಲ. ಅಂದರೆ ಐಕಿಡೊದಿಂದ ತಂದದ್ದರ ತಿರುಳನ್ನೇ ತೆಗೆದುಹಾಕಿದ ಹಾಗಾಯಿತು. ಕಲಿಸುವವರು ಬ್ಲ್ಯಾಕ್ ಬೆಲ್ಟ್ ಆಗಿದ್ದರೆ ಸಂತೋಷ, ಆದರೆ ಈ ಕೆಲಸಕ್ಕೆ ಅದೊಂದೇ ಅರ್ಹತೆಯಾಗದು.

ನಮ್ಮ 2017ರ ಕಾಯ್ದೆಯ 97ನೇ ಸೆಕ್ಷನ್ ಕೂಡ ಗಟ್ಟಿಯಾಗಿಯೇ ಇದೆ. ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿ ಇಲ್ಲದಾಗ ಮಾತ್ರ, ಮನೋವೈದ್ಯರ ಒಪ್ಪಿಗೆಯಿಂದ, ಬೇಕಾದಷ್ಟೇ ಹೊತ್ತು. ಶಿಕ್ಷೆಯಾಗಿ ಕೂಡದು, ಸಿಬ್ಬಂದಿ ಸಾಲದು ಅನ್ನುವ ನೆಪಕ್ಕೂ ಕೂಡದು. ಹೇಗೆ ಹಿಡಿದರು, ಯಾಕೆ, ಎಷ್ಟು ಹೊತ್ತು ಅಂತ ಬರೆದಿಡಬೇಕು, ರೋಗಿ ಹೆಸರಿಸಿದ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು. ಬರೆದಿಡುವ ಈ ಜಾಗದಲ್ಲೇ ಪಟ್ಟು ನನಗೆ ಜಾಸ್ತಿ ಚುಚ್ಚುವುದು. ಜಟ್ಟಿ ಜಾರಿ ಬಿದ್ದರೆ ಅದೂ ಒಂದು ಪಟ್ಟು ಅಂತ ಗಾದೆಯೇ ಇದೆಯಲ್ಲ. ಕೈ ಜಾರಿ ಮೂವರೂ ರೋಗಿಯ ಬೆನ್ನ ಮೇಲೆ ಬಿದ್ದದ್ದು ರಿಜಿಸ್ಟರಿನಲ್ಲಿ ‘ಪಟ್ಟು ಹಾಕಲಾಯಿತು’ ಅಂತ ಆಗಿಬಿಟ್ಟರೆ ಆಮೇಲೆ ಯಾರು ಕೇಳುತ್ತಾರೆ?

ಸದ್ಯಕ್ಕೆ ನಾನು ಹೀಗೆ ಮಾಡಿದ್ದೇನೆ. ರಿಜಿಸ್ಟರಿನ ಕಾಲಮ್ಮಿಗೆ ‘ಬಲಪ್ರಯೋಗ’. ಕಲಿಸುವಾಗ ‘ಹಿಡಿದು ತಡೆಯುವುದು’, ಯಾಕೆಂದರೆ ವಾರ್ಡಿನಲ್ಲಿ ಗಲಾಟೆಯಾದಾಗ ಎಲ್ಲರ ಬಾಯಿಂದ ಬರುವುದು “ಹಿಡ್ಕೊಳ್ಳಿ, ಹಿಡ್ಕೊಳ್ಳಿ” ಅಂತಲೇ. ಪಟ್ಟು ಇತಿಹಾಸದ ಪುಟದಲ್ಲಿ ಮಾತ್ರ ಇದೆ, ಗರಡಿಯವರು ಸ್ವಲ್ಪ ಮುನಿಸಿಕೊಂಡಿದ್ದಾರೆ.

ತೊಡಕು ಏನೆಂದರೆ ‘ಹಿಡಿದು ತಡೆಯುವುದು’ ಉದ್ದವಾಯಿತು, ಶೀರ್ಷಿಕೆಗೆ ಕೂರುವುದಿಲ್ಲ. ‘ತಡೆಹಿಡಿತ’ ಅನ್ನೋಣವೆಂದರೆ ಸಂಬಳ ತಡೆಹಿಡಿದ ಹಾಗೆ ಕೇಳಿಸುತ್ತದೆ. ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಕಡೆ ಕೆಲಸ ಮಾಡಿದವರು ಇದ್ದರೆ, ಅಲ್ಲಿನ ಅಟೆಂಡರ್‌ಗಳು ತಮ್ಮತಮ್ಮಲ್ಲಿ ಏನು ಅನ್ನುತ್ತಾರೆ ಹೇಳಿ.

ಬೋರಲು ಅನ್ನುವುದರ ಬಗ್ಗೆಯೂ ಬೇಕು. ‘ಬೋರಲು ಮಲಗಿಸಬೇಡಿ’ ಅಂತ ಗೋಡೆಗೆ ದೊಡ್ಡ ಅಕ್ಷರದಲ್ಲಿ ಬರೆಸಬೇಕಿದೆ. ಮೈಸೂರು ಕಡೆ ಮಕಾಡೆ ಅಂದರೂ ನಡೆಯುತ್ತದೆ, ಧಾರವಾಡದ ಕಡೆ ಡಬ್ಬ ಮಲಗುವುದು ಅನ್ನುತ್ತಾರೆ, ಕವುಚಿ ಅನ್ನುವವರೂ ಇದ್ದಾರೆ. ಬಳ್ಳಾರಿ, ಬೀದರ್, ಮಂಗಳೂರಿನವರಿಗೆ ಓದಿದ ಕೂಡಲೇ ತಿಳಿಯುವ ಪದ ಇವುಗಳಲ್ಲಿ ಯಾವುದು?